ಗುಂದ, ಗುತ್ತಿ, ಕಾನು: ತಾಳಗುಂದ ಪರಿಸರದ ಬೆಟ್ಟ ಮತ್ತು ನೆಲದ ಹೆಸರುಗಳು

ಸ್ಥಳನಾಮಗಳು ಒಂದು ಜನಸಮುದಾಯವು ತಾನು ನೆಲೆಸಿದ ನೆಲವನ್ನು ಅರಿತುಕೊಂಡ ಬಗೆಗೆ ದೊರೆಯುವ ಅತ್ಯಂತ ಹಳೆಯ ದಾಖಲೆಗಳು. ರಾಜವಂಶಗಳು ಅಳಿದು, ದೇವಾಲಯಗಳು ಬಿದ್ದು, ಶಾಸನಗಳ ಲಿಪಿ ಓದುವವರಿಲ್ಲದಂತಾದ ಮೇಲೂ ಊರಿನ ಹೆಸರು, ಗುಡ್ಡದ ಹೆಸರು, ಹಳ್ಳದ ಹೆಸರು ಜನರ ನಾಲಗೆಯ ಮೇಲೆ ಉಳಿದಿರುತ್ತವೆ. ಕನ್ನಡದಲ್ಲಿ ಸ್ಥಳನಾಮಗಳ ಅಧ್ಯಯನಕ್ಕೆ ದೀರ್ಘವಾದ ಪರಂಪರೆಯಿದೆ. ಶಂ. ಬಾ. ಜೋಶಿಯವರು ಊರ ಹೆಸರುಗಳನ್ನು ಆಧಾರವಾಗಿಟ್ಟುಕೊಂಡು ಕನ್ನಡನಾಡಿನ ಪ್ರಾಚೀನ ವ್ಯಾಪ್ತಿಯನ್ನು ಗುರುತಿಸಲು ಯತ್ನಿಸಿದರು. ಅನಂತರದ ವಿದ್ವಾಂಸರು ಶಾಸನ, ಭಾಷಾಶಾಸ್ತ್ರ ಮತ್ತು ಕ್ಷೇತ್ರಕಾರ್ಯಗಳ ನೆರವಿನಿಂದ ಈ ಕೆಲಸವನ್ನು ಮುಂದುವರಿಸಿದರು. ಆದರೆ ಈ ಅಧ್ಯಯನಗಳ ಬಹುಪಾಲು ಗ್ರಾಮನಾಮಗಳನ್ನು ಕುರಿತದ್ದು. ಬೆಟ್ಟ, ದಿಬ್ಬ, ಕಾನು, ಬೈಲು, ಹಕ್ಕಲು ಮೊದಲಾದ ನೆಲದ ರೂಪಗಳನ್ನು ಸೂಚಿಸುವ ಹೆಸರುಗಳಿಗೆ ಅಷ್ಟು ಗಮನ ದೊರೆತಿಲ್ಲ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲೂಕುಗಳು ಇಂತಹ ಅಧ್ಯಯನಕ್ಕೆ ಯೋಗ್ಯವಾದ ಕ್ಷೇತ್ರಗಳಾಗಿವೆ. ಪಶ್ಚಿಮದ ಮಲೆನಾಡು ಪೂರ್ವದ ಬಯಲುಸೀಮೆಯನ್ನು ಕೂಡುವ ನೆಲ ಇದು. ವರದಾ, ದಂಡಾವತಿ, ಕುಮುದ್ವತಿ ನದಿಗಳು ಈ ಪ್ರದೇಶದಲ್ಲಿ ಹರಿಯುತ್ತವೆ. ಬನವಾಸಿ ಹನ್ನೆರಡು ಸಾಸಿರದ ಹೃದಯಭಾಗವಾಗಿದ್ದ ಈ ನಾಡಿನಲ್ಲಿ ನಾಗರಖಂಡ, ಎಡೆನಾಡು ಮುಂತಾದ ಆಡಳಿತ ವಿಭಾಗಗಳಿದ್ದುವು. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೆಯ ಸಂಪುಟದಲ್ಲಿ (1902) ಶಿಕಾರಿಪುರ ತಾಲೂಕಿನ, 8ನೆಯ ಸಂಪುಟದಲ್ಲಿ (1904) ಸೊರಬ ತಾಲೂಕಿನ ಶಾಸನಗಳನ್ನು ಪ್ರಕಟಿಸಿದುದರಿಂದ ಇಲ್ಲಿನ ಅನೇಕ ಹೆಸರುಗಳ ಸಾವಿರ ವರ್ಷಗಳ ಹಿಂದಿನ ರೂಪಗಳು ಲಭ್ಯವಾಗಿವೆ. ಶಾಸನದ ರೂಪ, ಸರ್ಕಾರಿ ದಾಖಲೆಯ ರೂಪ, ಜನರ ಆಡುಮಾತಿನ ರೂಪ ಈ ಮೂರನ್ನೂ ಎದುರುಬದುರಾಗಿಟ್ಟು ನೋಡುವ ಅವಕಾಶ ಎಲ್ಲ ಪ್ರದೇಶಗಳಿಗೂ ಒದಗಿಬರುವುದಿಲ್ಲ.

ಸ್ಥಳನಾಮವೊಂದನ್ನು ವಿದ್ವಾಂಸರು ಸಾಮಾನ್ಯವಾಗಿ ಎರಡು ಭಾಗವಾಗಿ ಬಿಡಿಸುತ್ತಾರೆ. ನೆಲ ಅಥವಾ ನೆಲೆಯ ಬಗೆಯನ್ನು ಹೇಳುವ ಉತ್ತರಪದವು ವಾರ್ಗಿಕ. ಒಂದು ನೆಲೆಯನ್ನು ಇನ್ನೊಂದರಿಂದ ಬೇರ್ಪಡಿಸುವ ಪೂರ್ವಪದವು ನಿರ್ದಿಷ್ಟ. ‘ಸುಣ್ಣದಕೊಪ್ಪ’ದಲ್ಲಿ ಕೊಪ್ಪ ವಾರ್ಗಿಕ, ಸುಣ್ಣ ನಿರ್ದಿಷ್ಟ. ಐತಿಹ್ಯಗಳು, ಸ್ಥಳಪುರಾಣಗಳು, ಪಂಡಿತರ ಸಂಸ್ಕೃತೀಕರಣಗಳು ಹೆಚ್ಚಾಗಿ ನಿರ್ದಿಷ್ಟವನ್ನು ಬೆನ್ನಟ್ಟುತ್ತವೆ. ನೆಲದ ತಿಳಿವಳಿಕೆ ಅಡಗಿರುವುದಾದರೋ ವಾರ್ಗಿಕದಲ್ಲಿ. ತಾಳಗುಂದದ ಪರಿಸರದ ಹೆಸರುಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿದಾಗ ಕಂಡುಬರುವ ಸಂಗತಿಗಳು ಕುತೂಹಲಕಾರಿಯಾಗಿವೆ.

ತಾಣಗುಂದೂರಿನಿಂದ ತಾಳಗುಂದಕ್ಕೆ

ತಾಳಗುಂದವು ಕದಂಬರ ಇತಿಹಾಸದಿಂದ ಪ್ರಸಿದ್ಧವಾದ ಊರು. ಇಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನವು 5ನೆಯ ಶತಮಾನದ ನಡುಭಾಗದಲ್ಲಿ ಶಾಂತಿವರ್ಮನ ಕಾಲದಲ್ಲಿ ಕೊರೆಯಲ್ಪಟ್ಟಿತು. ಅದರ ಕರ್ತೃ ಕುಬ್ಜ ಕವಿ. ಮಯೂರಶರ್ಮನು ಕಂಚಿಯ ಘಟಿಕಾಸ್ಥಾನಕ್ಕೆ ಹೋದುದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಕಲಹವುಂಟಾದುದು, ಮುಂದೆ ಆತನು ರಾಜ್ಯವನ್ನು ಕಟ್ಟಿದುದು ಇವೆಲ್ಲವೂ ಈ ಶಾಸನದಿಂದ ತಿಳಿದುಬಂದಿವೆ. ಕಾಕುಸ್ಥವರ್ಮನು ಇಲ್ಲಿನ ಶಿವಾಲಯದ ಬಳಿ ಕೆರೆಯನ್ನು ಕಟ್ಟಿಸಿದುದನ್ನೂ ಶಾಸನ ಹೇಳುತ್ತದೆ. ನಾಮಾಧ್ಯಯನದ ದೃಷ್ಟಿಯಿಂದ ಗಮನಾರ್ಹವಾದ ಸಂಗತಿ ಇನ್ನೊಂದಿದೆ. ವಂಶದ ಹೆಸರಿಗೆ ಕಾರಣವನ್ನು ಹೇಳುವಾಗ ಕುಬ್ಜನು ಮನೆಯ ಬಳಿ ಬೆಳೆದಿದ್ದ ಕದಂಬ ವೃಕ್ಷವನ್ನು ಮುಂದಿಡುತ್ತಾನೆ. ಮುಂದಿನ ಶತಮಾನಗಳ ಶಾಸನಗಳಲ್ಲಿ ಕದಂಬರ ಮೂಲಪುರುಷನು ಮೂರು ಕಣ್ಣಿನವನಾಗಿ ದೈವಾಂಶವನ್ನು ಪಡೆಯುತ್ತಾನೆ. ಹಳೆಯ ವಿವರಣೆ ಮಾತ್ರ ಮರದ ಬಳಿಯೇ ನಿಂತಿದೆ.

ಊರಿನ ಹೆಸರಿಗೂ ಇದೇ ಬಗೆಯ ಎರಡು ವಿವರಣೆಗಳಿವೆ. ಶಾಸನಗಳಲ್ಲಿ ಈ ಊರು ‘ಸ್ಥಾನಕುಂದೂರು’, ‘ಸ್ಥಾನಗುಂದೂರು’, ‘ತಾಣಗುಂದೂರು’ ಎಂಬ ರೂಪಗಳಲ್ಲಿ ಕಾಣಿಸುತ್ತದೆ. ಅಗ್ರಹಾರದ ಪ್ರಾಶಸ್ತ್ಯವನ್ನು ಹೇಳುವ ಸಂದರ್ಭಗಳಲ್ಲಿ ‘ಸ್ಥಾಣುಗೂಢ’ ಎಂಬ ಸಂಸ್ಕೃತ ರೂಪವೂ ಬಳಕೆಯಾಗಿದೆ. ಸ್ಥಾಣು ಎಂದರೆ ಶಿವ, ಗೂಢ ಎಂದರೆ ಮರೆಯಾಗಿರುವುದು. ಶಿವನು ಮರೆಯಾಗಿ ನೆಲೆಸಿದ ಕ್ಷೇತ್ರ ಎಂಬ ಅರ್ಥವನ್ನು ಈ ರೂಪ ಹೊರಡಿಸುತ್ತದೆ. ಅಹಿಚ್ಛತ್ರದಿಂದ ಬ್ರಾಹ್ಮಣ ಕುಟುಂಬಗಳನ್ನು ಕರೆತಂದು ಇಲ್ಲಿ ನೆಲೆಗೊಳಿಸಿದ ಕಥೆಯೊಂದಿಗೆ ಈ ಅರ್ಥ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆದರೆ ಇದು ಹೆಸರಿನ ಮೂಲವಲ್ಲ, ಇದ್ದ ಹೆಸರಿಗೆ ತೊಡಿಸಿದ ಅರ್ಥ.

ಹೆಸರಿನ ಮೂಲವನ್ನು ‘ಕುಂದ’ ಅಥವಾ ‘ಗುಂದ’ ಎಂಬ ವಾರ್ಗಿಕದಲ್ಲಿ ಹುಡುಕಬೇಕು. ತಮಿಳಿನಲ್ಲಿ ಬೆಟ್ಟ, ದಿಬ್ಬ ಎಂಬರ್ಥದ ‘ಕುನ್ಱು’, ‘ಕುನ್ಱಂ’ ಎಂಬ ಪದಗಳಿವೆ. ಮದುರೆಯ ಸಮೀಪದ ತಿರುಪ್ಪರಂಕುನ್ಱಂ ಇದಕ್ಕೆ ಪ್ರಸಿದ್ಧ ಉದಾಹರಣೆ. ಮಲಯಾಳದಲ್ಲಿ ಅದೇ ಪದ ‘ಕುನ್ನು’, ‘ಕುನ್ನಂ’ ಆಗಿದೆ. ತಮಿಳಿನ ‘ನ್ಱ’ ಎಂಬ ಸಂಯುಕ್ತಾಕ್ಷರಕ್ಕೆ ಹ್ರಸ್ವಸ್ವರದ ಮುಂದೆ ಕನ್ನಡದಲ್ಲಿ ‘ಂದ’ ಬರುವುದು ನಿಯತವಾದ ಧ್ವನಿವ್ಯವಸ್ಥೆ. ತಮಿಳಿನ ‘ಒನ್ಱು’ ಕನ್ನಡದಲ್ಲಿ ‘ಒಂದು’. ತಮಿಳಿನ ‘ಪನ್ಱಿ’ ಹಳಗನ್ನಡದಲ್ಲಿ ‘ಪಂದಿ’, ಇಂದು ‘ಹಂದಿ’. ಈ ಕ್ರಮದಲ್ಲಿ ‘ಕುನ್ಱು’ ಎಂಬುದಕ್ಕೆ ಕನ್ನಡದಲ್ಲಿ ‘ಕುಂದ’ ಎಂಬ ರೂಪವೇ ನಿರೀಕ್ಷಿತ. ಸ್ವತಂತ್ರ ಪದವಾಗಿ ಇದು ಇಂದಿನ ಕನ್ನಡದ ಆಡುಮಾತಿನಿಂದ ಮರೆಯಾಗಿದ್ದರೂ ಸ್ಥಳನಾಮಗಳಲ್ಲಿ ಉಳಿದುಕೊಂಡಿದೆ.

ಉತ್ತರ ಕರ್ನಾಟಕದ ಕೆಲವು ಊರುಗಳು ಈ ಊಹೆಯನ್ನು ಬಲಪಡಿಸುತ್ತವೆ. ಎರೆಭೂಮಿಯ ಬಯಲಿನಲ್ಲಿ ಒಂಟಿಯಾಗಿ ಎದ್ದುನಿಂತ ಗುಡ್ಡದ ಬಳಿಯ ಊರು ನವಲಗುಂದ. ನವಿಲಿನ ಗುಡ್ಡ ಎಂಬ ಅರ್ಥ ಈಗಲೂ ಪ್ರಚಲಿತವಾಗಿದೆ. ನರಗುಂದದ ಗುಡ್ಡವು ಅದರ ಮೇಲಣ ಕೋಟೆಯಿಂದಾಗಿ ಇತಿಹಾಸಪ್ರಸಿದ್ಧವಾಗಿದೆ. ಹುನಗುಂದವು ಶಾಸನಗಳಲ್ಲಿ ‘ಪೊನ್ನುಗುಂದ’ ಎಂದಿದೆ. ಈ ಎಲ್ಲ ಹೆಸರುಗಳಲ್ಲಿಯೂ ‘ಗುಂದ’ದಲ್ಲಿರುವುದು ದಕಾರವೇ ಹೊರತು ಡಕಾರವಲ್ಲ. ನೀರಿನ ಕುಂಡ, ಗುಂಡಿ, ಕಲ್ಲಿನ ಗುಂಡು ಇವುಗಳಲ್ಲಿ ಡಕಾರವಿದೆ. ತಾಳಗುಂದದಲ್ಲಿ ಹಳೆಯ ಕೆರೆಯೊಂದಿರುವುದರಿಂದ ‘ಸ್ಥಾನಕುಂಡ’, ಅಂದರೆ ಕ್ಷೇತ್ರದ ಕೊಳ, ಎಂಬ ಅರ್ಥವು ಸುಲಭವಾಗಿ ಹೊಳೆಯುವಂತಹುದು. ಆದರೆ ಶಾಸನದ ಕುಂದೂರಿನಲ್ಲಿಯೂ ಇಂದಿನ ಗುಂದದಲ್ಲಿಯೂ ದಕಾರವೇ ಇರುವುದರಿಂದ ಆ ಅರ್ಥ ನಿಲ್ಲುವುದಿಲ್ಲ. ಒಂದು ಅಕ್ಷರದ ಅಂತರದಲ್ಲಿ ದಿಬ್ಬವು ಹೊಂಡವಾಗಿಬಿಡುತ್ತದೆ.

‘ಸ್ಥಾನಕುಂದೂರು’ ಎಂಬ ರೂಪವು ಇನ್ನೊಂದು ಸಂಗತಿಯನ್ನೂ ಸೂಚಿಸುತ್ತದೆ. ಕುಂದೂರು ಎಂಬ ಹೆಸರಿನ ಊರುಗಳು ಕರ್ನಾಟಕದಲ್ಲಿ ಹಲವಿವೆ. ದಿಬ್ಬದ ಊರು ಎಂಬುದು ಅದರ ಸರಳವಾದ ಅರ್ಥ. ಸಮಾಸದಲ್ಲಿ ಕಕಾರಕ್ಕೆ ಗಕಾರ ಆದೇಶವಾಗುವುದು ಕನ್ನಡದ ರೂಢಿಯಾದರೂ ಇಲ್ಲಿ ಕಕಾರವು ಉಳಿದುಕೊಂಡ ರೂಪವೂ ದೊರೆಯುವುದರಿಂದ, ಕುಂದೂರು ಎಂಬುದು ಮೊದಲಿಗೆ ಸ್ವತಂತ್ರವಾದ ಊರ ಹೆಸರಾಗಿತ್ತೆಂದೂ ಶಿವಾಲಯವು ಪ್ರಸಿದ್ಧಿಗೆ ಬಂದ ಮೇಲೆ ಇತರ ಕುಂದೂರುಗಳಿಂದ ಬೇರ್ಪಡಿಸುವ ಸಲುವಾಗಿ ‘ಸ್ಥಾನ’ ಎಂಬ ನಿರ್ದಿಷ್ಟವು ಸೇರಿತೆಂದೂ ಊಹಿಸಬಹುದು. ಶೈವ ದೇವಾಲಯ ಮತ್ತು ಅದಕ್ಕೆ ಸೇರಿದ ಸಂಸ್ಥೆಯನ್ನು ‘ಸ್ಥಾನ’ವೆಂದು ಕರೆಯುವುದು ಶಾಸನಗಳಲ್ಲಿ ಸಾಮಾನ್ಯ. ಹಾಗಾದರೆ ಹೆಸರಿನಲ್ಲಿ ಎರಡು ಪದರಗಳಿವೆ. ಕೆಳಗಿನ ಪದರವು ನೆಲವನ್ನು ಕಂಡವರದು, ಮೇಲಿನ ಪದರವು ದೇವಾಲಯವನ್ನು ಕಟ್ಟಿದವರದು. ಕುಂದ ಎಂದೊಡನೆ ದೊಡ್ಡ ಶಿಖರವನ್ನೇ ನಿರೀಕ್ಷಿಸಬೇಕಾಗಿಲ್ಲ. ಮಲಯಾಳದ ಕುನ್ನು ಸಣ್ಣ ದಿಬ್ಬಕ್ಕೂ ಸಲ್ಲುವ ಮಾತು. ಗದ್ದೆ ಮತ್ತು ಕೆರೆಗಳ ನಡುವೆ ನೀರು ನಿಲ್ಲದ ಎತ್ತರದ ನೆಲವೇ ವಸತಿಗೆ ಯೋಗ್ಯವಾದ ‘ಕುಂದ’.

‘ತಾಣ’ವು ‘ತಾಳ’ವಾದುದಕ್ಕೂ ಇದೇ ತಾಲೂಕಿನಲ್ಲಿ ಸಮಾನವಾದ ನಿದರ್ಶನವಿದೆ. ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯು ದೇಹತ್ಯಾಗ ಮಾಡಿದ ಜೈನಕ್ಷೇತ್ರದ ಹೆಸರು 10ನೆಯ ಶತಮಾನದ ಆರಂಭದ ಶಾಸನದಲ್ಲಿ ‘ಬಂದಣಿಕೆ’. ಇಂದು ಆ ಊರು ‘ಬಂದಳಿಕೆ’. ಎರಡೂ ಹೆಸರುಗಳಲ್ಲಿ ಣಕಾರವು ಳಕಾರವಾಗಿದೆ. ಮೀನು ಹಿಡಿಯುವ ಕೊಕ್ಕೆಗೆ ಕನ್ನಡದಲ್ಲಿ ‘ಗಾಣ’, ‘ಗಾಳ’ ಎಂಬೆರಡು ರೂಪಗಳಿರುವುದನ್ನು ಇಲ್ಲಿ ನೆನೆಯಬಹುದು. ಆದುದರಿಂದ ತಾಳಗುಂದದ ‘ತಾಳ’ಕ್ಕೆ ತಾಳೆಯ ಮರವನ್ನಾಗಲಿ ಸಂಗೀತದ ತಾಳವನ್ನಾಗಲಿ ಕಾರಣವಾಗಿ ಹೇಳುವುದು ಹೆಸರು ಬದಲಾದ ಮೇಲೆ ಹುಟ್ಟುವ ವಿವರಣೆ ಮಾತ್ರ. ಬಂದಳಿಕೆ ಎಂಬುದು ಮರದ ಮೇಲೆ ಬೆಳೆಯುವ ಪರಾವಲಂಬಿ ಸಸ್ಯದ ಹೆಸರು ಎಂಬುದೂ, ಅದೇ ಊರನ್ನು ಪಂಡಿತರು ‘ಬಾಂಧವಪುರ’ ಎಂದು ಮಾರ್ಪಡಿಸಿಕೊಂಡರೆಂಬುದೂ ಗಮನಾರ್ಹ. ಗಿಡದ ಹೆಸರು ಬಂಧುಗಳ ಪುರವಾಗಲು ಧ್ವನಿಸಾಮ್ಯವೊಂದೇ ಸಾಕಾಯಿತು.

ಗುತ್ತಿಯಿಂದ ಗುಪ್ತಿಗೆ

ಸೊರಬ ತಾಲೂಕಿನ ಚಂದ್ರಗುತ್ತಿಯು ಈ ಪ್ರದೇಶದ ಅತ್ಯಂತ ಪ್ರಮುಖ ಬೆಟ್ಟ. ಬೆಟ್ಟದ ಇಳುಕಲಿನ ಗವಿಯಲ್ಲಿ ನೆಲೆಸಿರುವ ರೇಣುಕಾಂಬೆಯು ಮಲೆನಾಡು ಹಾಗೂ ಉತ್ತರ ಕರ್ನಾಟಕದ ಅಸಂಖ್ಯಾತ ಕುಟುಂಬಗಳ ಮನೆದೇವರು. ರೈಸ್ ಅವರು ತಮ್ಮ ‘ಮೈಸೂರು ಗೆಜೆಟಿಯರ್’ನಲ್ಲಿ (1897) ಈ ಹೆಸರನ್ನು ‘ಚಂದ್ರಗುಪ್ತಿ’ ಎಂಬುದರಿಂದ ಬಂದುದೆಂದು ಹೇಳಿ, ಬೆಟ್ಟದ ಎತ್ತರದಿಂದ ಚಂದ್ರನೇ ಮರೆಯಾಗುತ್ತಾನೆಂಬ ಅರ್ಥವನ್ನು ನೀಡಿದ್ದಾರೆ. ರೇಣುಕೆಯು ಗವಿಯಲ್ಲಿ ಮರೆಯಾದಳೆಂಬ ಐತಿಹ್ಯವೂ ‘ಗುಪ್ತಿ’ ಎಂಬ ಮಾತಿಗೆ ಪೋಷಕವಾಗಿದೆ.

ಆದರೆ ಜನರ ಬಳಕೆ ಬೇರೆಯದೇ ಆಗಿದೆ. ಭಕ್ತರ ಬಾಯಲ್ಲಿ ದೇವಿಯು ‘ಗುತ್ತ್ಯಮ್ಮ’. ಚಂದ್ರನ ಸುಳಿವು ಅಲ್ಲಿಲ್ಲ. ಈ ಸೀಮೆಯಲ್ಲಿ ಗಂಡುಮಕ್ಕಳಿಗಿಡುವ ‘ಗುತ್ಯಪ್ಪ’ ಎಂಬ ಹೆಸರಿನಲ್ಲಿಯೂ ಇರುವುದು ಗುತ್ತಿ ಮಾತ್ರ. ವಿಜಯನಗರ ಕಾಲದಲ್ಲಿ ಗೋವೆಯೊಂದಿಗೆ ಸೇರಿಸಿ ‘ಗೋವೆ-ಗುತ್ತಿ’ ಎಂದು ಕರೆಯುತ್ತಿದ್ದ ಪ್ರಾಂತ್ಯದ ಹೆಸರಿನಲ್ಲಿಯೂ ಅಷ್ಟೇ. ವಾರ್ಗಿಕವೇ ಹೆಸರಾಗಿ ನಿಂತಿರುವ ಈ ಬಳಕೆಗಳು ಗುತ್ತಿಯೇ ಮೂಲವೆಂಬುದನ್ನು ತೋರಿಸುತ್ತವೆ.

ಗುತ್ತಿ ಎಂದರೆ ಕನ್ನಡ ಮತ್ತು ತೆಲುಗುಗಳಲ್ಲಿ ಗೊಂಚಲು, ಗುಂಪಾಗಿ ಒತ್ತಿ ಸೇರಿದ್ದು ಎಂಬ ಅರ್ಥವಿದೆ. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗುತ್ತಿ ಪಟ್ಟಣವು ಒಂದಕ್ಕೊಂದು ತಗುಲಿಕೊಂಡು ಸುತ್ತುವರಿದ ಬಂಡೆಗುಡ್ಡಗಳ ನಡುವೆ ಇದೆ. ಅದರ ಪ್ರಸಿದ್ಧ ಕೋಟೆ ಆ ಗುಡ್ಡಗಳ ಮೇಲಿದೆ. ಬಂಡೆಗಳು ಗೊಂಚಲುಗಟ್ಟಿದಂತಿರುವ ಬೆಟ್ಟಕ್ಕೆ ಗುತ್ತಿ ಎಂಬ ಹೆಸರು ಸಹಜವಾಗಿಯೇ ಸಲ್ಲುತ್ತದೆ. ಇದೇ ಸೀಮೆಯ ‘ಗುಪ್ಪೆ’ ಎಂಬ ವಾರ್ಗಿಕವೂ ಇದಕ್ಕೆ ಹತ್ತಿರದ್ದು. ಗುಪ್ಪೆ ಅಥವಾ ಕುಪ್ಪೆ ಎಂದರೆ ರಾಶಿ. ಸೊರಬದ ಮುಟಗುಪ್ಪೆ, ಸಾಗರದ ತಾಳಗುಪ್ಪ ಇವುಗಳಲ್ಲಿ ಉತ್ತರಪದವಾಗಿಯೂ, ಸೊರಬದ ಕುಪ್ಪಗದ್ದೆಯಲ್ಲಿ ಪೂರ್ವಪದವಾಗಿಯೂ ಇದನ್ನು ಗುರುತಿಸಬಹುದು. ಕಣದಲ್ಲಿ ಧಾನ್ಯವನ್ನು ಗುಪ್ಪೆ ಹಾಕುವ ಒಕ್ಕಲಿಗನಿಗೆ ಮಣ್ಣಿನ ದಿಬ್ಬವೂ ಗುಪ್ಪೆಯಾಗಿಯೇ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಈಗ ಎರಡು ಹೆಸರುಗಳನ್ನು ಒಟ್ಟಿಗೆ ನೋಡಬಹುದು. ಗುಂದವು ‘ಗೂಢ’ವಾಯಿತು, ಗುತ್ತಿಯು ‘ಗುಪ್ತಿ’ಯಾಯಿತು. ಸಂಸ್ಕೃತದಲ್ಲಿ ಎರಡೂ ಪದಗಳ ಅರ್ಥ ಮರೆಯಾದುದು, ಬಚ್ಚಿಟ್ಟದ್ದು ಎಂದೇ. ಎತ್ತರವಾಗಿ ನಿಂತು ದೂರಕ್ಕೆ ಕಾಣುವ ನೆಲವನ್ನು ಕಂಡು ಇಟ್ಟ ಹೆಸರುಗಳು ಪಂಡಿತರ ಕೈಯಲ್ಲಿ ಕಾಣದುದರ ಹೆಸರುಗಳಾಗಿ ಪರಿವರ್ತನೆಗೊಂಡಿವೆ. ಇದನ್ನು ಕೇವಲ ತಪ್ಪು ನಿಷ್ಪತ್ತಿ ಎಂದು ತಳ್ಳಿಹಾಕುವಂತಿಲ್ಲ. ಕ್ಷೇತ್ರವೊಂದು ಮಹಿಮೆಯನ್ನು ಪಡೆಯಬೇಕಾದರೆ ಅಲ್ಲಿ ದೈವವು ಗುಪ್ತವಾಗಿರಬೇಕು, ಯಾರಿಗೋ ಪ್ರಕಟವಾಗಬೇಕು. ಹುತ್ತದಲ್ಲಿ ಅಡಗಿದ ಲಿಂಗ, ಹಸು ಹಾಲು ಕರೆದು ತೋರಿಸಿದ ಮೂರ್ತಿ, ಗವಿಯಲ್ಲಿ ಮರೆಯಾದ ತಾಯಿ ಇವು ನಮ್ಮ ಸ್ಥಳಪುರಾಣಗಳ ಮೂಲ ಆಶಯಗಳು. ದಿಬ್ಬದ ಹೆಸರಿಗೆ ಈ ಆಶಯ ಅಂಟಿಕೊಳ್ಳಲು 'ಗು' ಎಂಬ ಮೊದಲಕ್ಷರದ ಸಾಮ್ಯವು ಅನುವು ಮಾಡಿಕೊಟ್ಟಿತು.

ಪುರಾಣ ಹೇಳುವುದು, ಹೆಸರು ಹೇಳುವುದು

ತಾಳಗುಂದದ ಸಮೀಪದ ಬಳ್ಳಿಗಾವೆಯಲ್ಲಿಯೂ ಇಂತಹುದೇ ಪ್ರಕ್ರಿಯೆ ನಡೆದಿದೆ. ಕಾಳಾಮುಖ ಶೈವರ ಪ್ರಸಿದ್ಧ ಕೇಂದ್ರವಾಗಿದ್ದ ಈ ಪಟ್ಟಣವು ಶಾಸನಗಳಲ್ಲಿ ‘ಬಳ್ಳಿಗಾವೆ’, ‘ಬಳ್ಳಿಗ್ರಾಮೆ’, ‘ಬಲಿಪುರ’ ಎಂದು ಕರೆಯಲ್ಪಟ್ಟಿದೆ. ‘ಗಾವೆ’ಯು ಗ್ರಾಮ ಶಬ್ದದಿಂದ ಬಂದುದು. ಸ್ಥಳಪುರಾಣವು ಇದನ್ನು ಬಲಿ ಚಕ್ರವರ್ತಿಯ ರಾಜಧಾನಿಯೆಂದು ವರ್ಣಿಸುತ್ತದೆ. ಕನ್ನಡದ ‘ಬಳ್ಳಿ’ಯಲ್ಲಿರುವುದು ಳಕಾರ, ‘ಬಲಿ’ಯಲ್ಲಿರುವುದು ಲಕಾರ. ಸೊರಬವನ್ನು ‘ಸುರಭಿಪುರ’ವೆನ್ನುವಲ್ಲಿ ಹಾಲು ಕರೆದ ಹಸುವಿನ ಕಥೆಯಿದೆ. ಕುಬಟೂರನ್ನು ಚಂದ್ರಹಾಸನ ಕಥೆಯ ಕುಂತಳನಗರವೆಂದು ಗುರುತಿಸುವ ಸಂಪ್ರದಾಯವಿದೆ. ಶಿಕಾರಿಪುರಕ್ಕೆ ಕೆಳದಿಯ ಅರಸರ ಕಾಲದಲ್ಲಿ ‘ಮಹದಾನಪುರ’ ಎಂಬ ಹೆಸರಿತ್ತೆಂದೂ, ಮುಂದೆ ಬೇಟೆಯ ಪ್ರಸಂಗವೊಂದರಿಂದ ಈಗಿನ ಹೆಸರು ಬಂದಿತೆಂದೂ ರೈಸ್ ಅವರ ಗೆಜೆಟಿಯರ್ ದಾಖಲಿಸಿದೆ. ಅಧಿಕಾರ ಬದಲಾದಂತೆ ಪೇಟೆಯ ಹೆಸರೂ ಬದಲಾಗಬಹುದೆಂಬುದಕ್ಕೆ ಈ ಕೊನೆಯದು ನಿದರ್ಶನ.

ಇಂತಹ ಕಥೆಗಳ ವಿಷಯದಲ್ಲಿ ಸಂಶೋಧಕರು ಎರಡು ಅತಿರೇಕಗಳಿಗೆ ಹೋಗುವುದುಂಟು. ಕಥೆಯನ್ನೇ ಇತಿಹಾಸವೆಂದು ಒಪ್ಪಿಕೊಳ್ಳುವುದು ಒಂದು. ನಿಷ್ಪತ್ತಿ ಸರಿಯಿಲ್ಲವೆಂದು ಕಥೆಯನ್ನೇ ಬಿಟ್ಟುಬಿಡುವುದು ಇನ್ನೊಂದು. ಜನಪದ ನಿಷ್ಪತ್ತಿಯು ಹೆಸರು ಎಲ್ಲಿಂದ ಬಂತು ಎಂಬುದನ್ನು ಹೇಳುವುದಿಲ್ಲ. ಆ ಹೆಸರಿನ ಊರಿನಲ್ಲಿ ಬದುಕಿದವರು ತಮ್ಮನ್ನು ಯಾರೆಂದು ತಿಳಿದುಕೊಂಡರು, ಇತರರು ಹೇಗೆ ತಿಳಿಯಬೇಕೆಂದು ಬಯಸಿದರು ಎಂಬುದನ್ನು ಹೇಳುತ್ತದೆ. ಸ್ಥಾಣುಗೂಢವು ಅಗ್ರಹಾರದ ಮಹಾಜನರ ಮಾತು. ಬಾಂಧವಪುರವು ಕ್ಷೇತ್ರವನ್ನು ನಗರವಾಗಿ ಬಣ್ಣಿಸಿದವರ ಮಾತು. ಗುತ್ತ್ಯಮ್ಮ ಎಂಬುದು ಬೆಟ್ಟಕ್ಕೆ ನಡೆದು ಹೋಗುವ ಭಕ್ತರ ಮಾತು. ಒಂದೇ ನೆಲದ ಮೇಲೆ ಬೇರೆ ಬೇರೆ ಸಮುದಾಯಗಳು ಹೂಡಿದ ಹಕ್ಕುಗಳು ಒಂದೇ ಹೆಸರಿನ ಭಿನ್ನರೂಪಗಳಲ್ಲಿ ಉಳಿದುಕೊಂಡಿವೆ.

ಎತ್ತರದ ಮಾತುಗಳು

ಈ ಸೀಮೆಯ ಕನ್ನಡದಲ್ಲಿ ಎತ್ತರದ ನೆಲಕ್ಕೆ ಒಂದೇ ಮಾತಿಲ್ಲ. ಕಾಡು ಕವಿದ ಪರ್ವತಸಾಲು ‘ಮಲೆ’. ಒಂಟಿಯಾಗಿ ದೊಡ್ಡದಾಗಿ ನಿಂತುದು ‘ಬೆಟ್ಟ’. ಅದಕ್ಕಿಂತ ಚಿಕ್ಕದು ‘ಗುಡ್ಡ’. ಕಲ್ಲುಮಣ್ಣುಗಳ ಕುರುಚಲು ದಿಬ್ಬ ‘ಮರಡಿ’; ಶಾಸನಗಳ ಮೇರೆವಿವರಗಳಲ್ಲಿ ಇದು ‘ಮೊರಡಿ’ ಎಂದಿದೆ. ಉಳುಮೆಗೆ ಒದಗುವ ಸಾಧಾರಣ ಎತ್ತರ ‘ದಿಣ್ಣೆ’, ರಾಶಿಯಂತಹುದು ‘ಗುಪ್ಪೆ’, ಬೆಟ್ಟದ ಇಳಿಜಾರಿನ ಮೈ ‘ಬರೆ’, ಎರಡು ಎತ್ತರಗಳ ನಡುವಣ ದಾರಿ ‘ಕಣಿವೆ’. ಕೆಳಗಿಳಿದರೆ ಬತ್ತದ ಗದ್ದೆಗಳು ಹರಡಿದ ‘ಬೈಲು’, ಮಳೆಯ ನೀರನ್ನೇ ನೆಚ್ಚಿದ ಮೇಲಣ ಗದ್ದೆಯಾದ ‘ಮಕ್ಕಿ’, ಸಾಗುವಳಿಯಿಲ್ಲದೆ ಬಿಟ್ಟ ‘ಹಕ್ಕಲು’, ದನ ಮೇಯುವ ಹುಲ್ಲುನೆಲವಾದ ‘ಬ್ಯಾಣ’ ಹೀಗೆ ಪಟ್ಟಿ ಬೆಳೆಯುತ್ತದೆ. ಅಕ್ಕಮಹಾದೇವಿಯ ಹುಟ್ಟೂರಾದ ಉಡುತಡಿಯ ‘ತಡಿ’ ನೀರಿನ ದಡವನ್ನು ಸೂಚಿಸುತ್ತದೆ. ಅಂಬಾರಗೊಪ್ಪದಲ್ಲಿ ಕೊಪ್ಪವು ‘ಗೊಪ್ಪ’ವಾಗಿರುವುದೂ ಮುಗಳಗೆರೆಯಲ್ಲಿ ಕೆರೆಯು ‘ಗೆರೆ’ಯಾಗಿರುವುದೂ ಕುಂದವು ‘ಗುಂದ’ವಾದ ಆದೇಶಸಂಧಿಯಿಂದಲೇ.

ಬೆಟ್ಟಗುಡ್ಡಗಳ ನಡುವೆ ಬದುಕಿದ ಇತರ ಸಮುದಾಯಗಳ ಭಾಷೆಗಳಲ್ಲಿಯೂ ಇದೇ ಸ್ಥಿತಿಯನ್ನು ಕಾಣಬಹುದು. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ ದೊಡ್ಡ ಬೆಟ್ಟ ‘ಬೆನ್’, ಕಲ್ಲುರಾಶಿಯಂತಹ ಬೆಟ್ಟ ‘ಕಾರ್ನ್’, ಮುದ್ದೆಯಂತೆ ಉಬ್ಬಿದ ಬೆಟ್ಟ ‘ಮ್ಯೌಲ್’, ಸಣ್ಣ ದಿಬ್ಬ ‘ಕ್ನೊಕ್’. ಮ್ಯೌಲ್ ಎಂಬುದಕ್ಕೆ ರಾಶಿ, ಗುಂಪು ಎಂಬ ಅರ್ಥಗಳೂ ಇರುವುದರಿಂದ ನಮ್ಮ ಗುಪ್ಪೆ, ಗುತ್ತಿಗಳಿಗೆ ಅದು ಬಹಳ ಹತ್ತಿರದ್ದು. 19ನೆಯ ಶತಮಾನದಲ್ಲಿ ಬ್ರಿಟಿಷ್ ಸರ್ಕಾರದ ಭೂಮಾಪನ ಇಲಾಖೆಯು ನಕ್ಷೆಗಳನ್ನು ಸಿದ್ಧಪಡಿಸಿದಾಗ ಗೇಲಿಕ್ ಹೆಸರುಗಳಲ್ಲಿ ಅನೇಕವು ಇಂಗ್ಲಿಷ್ ಕಿವಿಗೆ ಒಗ್ಗುವ ಕಾಗುಣಿತವನ್ನು ಪಡೆದುವು. ಆ ಭಾಷೆಯನ್ನಾಡುವವರು ಕಡಿಮೆಯಾದ ಪ್ರದೇಶಗಳಲ್ಲಿ ನಕ್ಷೆಯ ಮೇಲಿನ ಹೆಸರು ಅರ್ಥವಿಲ್ಲದ ಧ್ವನಿಯಾಗಿ ಉಳಿಯಿತು. ಡಬ್ಲ್ಯು. ಜೆ. ವ್ಯಾಟ್ಸನ್ ಅವರು 1926ರಲ್ಲಿ ಸ್ಕಾಟ್ಲೆಂಡಿನ ಕೆಲ್ಟಿಕ್ ಸ್ಥಳನಾಮಗಳ ಚರಿತ್ರೆಯನ್ನು ಪ್ರಕಟಿಸಿದಾಗ ಹಳೆಯ ಲಿಖಿತ ರೂಪಗಳನ್ನೂ ಜೀವಂತ ಉಚ್ಚಾರಣೆಯನ್ನೂ ಜೊತೆಗಿಟ್ಟು ಪರಿಶೀಲಿಸುವ ಕ್ರಮವನ್ನು ಅನುಸರಿಸಿದರು.

ವಾರ್ಗಿಕದ ಅರ್ಥವು ಮರೆತುಹೋದಾಗ ಜನರು ಅದೇ ಅರ್ಥದ ಹೊಸ ಪದವನ್ನು ಸೇರಿಸಿಕೊಳ್ಳುತ್ತಾರೆ. ಇಂಗ್ಲೆಂಡಿನ ಪೆಂಡಲ್ ಹಿಲ್ ಎಂಬ ಹೆಸರಿನಲ್ಲಿ ಬೆಟ್ಟವೆಂಬ ಅರ್ಥದ ಪದಗಳು ಮೂರು ಬಾರಿ ಸೇರಿರುವುದನ್ನು ವಿದ್ವಾಂಸರು ತೋರಿಸಿದ್ದಾರೆ. ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದಕ್ಕೆ ಸರಿಸಾಟಿಯಾದ ಉದಾಹರಣೆಯಿದೆ. ತೀರ್ಥಹಳ್ಳಿ ತಾಲೂಕಿನ ‘ಕುಂದಾದ್ರಿ ಬೆಟ್ಟ’ದಲ್ಲಿ ಕುಂದ ಎಂಬುದು ಹಳೆಯ ದ್ರಾವಿಡ ಪದ, ಅದ್ರಿ ಸಂಸ್ಕೃತ ಪದ, ಬೆಟ್ಟ ಇಂದಿನ ಕನ್ನಡ ಪದ. ಜೈನ ಸಂಪ್ರದಾಯವು ಈ ಬೆಟ್ಟವನ್ನು ಆಚಾರ್ಯ ಕುಂದಕುಂದರ ತಪೋಭೂಮಿಯೆಂದು ಪೂಜಿಸುತ್ತದೆ. ಒಂದು ಪದರದ ಅರ್ಥ ಮರೆತಾಗ ಮೇಲೊಂದು ಪದರ ಬೆಳೆದಿರುವುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು.

ಹೆಸರು ಮತ್ತು ಹಕ್ಕು

ನೆಲದ ರೂಪಗಳ ಹೆಸರುಗಳು ಭಾಷಾಶಾಸ್ತ್ರದ ಕುತೂಹಲಕ್ಕಷ್ಟೇ ಸೀಮಿತವಲ್ಲ. ಸೊರಬ ಸೀಮೆಯ ‘ಕಾನು’ ಎಂಬ ಪದ ಇದಕ್ಕೆ ಸಾಕ್ಷಿ. ತಮಿಳಿನ ‘ಕಾನ್’, ‘ಕಾನಂ’ ಎಂಬ ಪದಗಳಂತೆ ಕಾಡು ಎಂಬುದೇ ಇದರ ಸಾಮಾನ್ಯ ಅರ್ಥ. ಆದರೆ ಮಲೆನಾಡಿನ ಬಳಕೆಯಲ್ಲಿ ಕಾನು ಮತ್ತು ಕಾಡು ಒಂದೇ ಅಲ್ಲ. ಕಾನು ಎಂದರೆ ಗದ್ದೆ, ಹುಲ್ಲುಗಾವಲು, ಎಲೆಯುದುರುವ ಕಾಡುಗಳ ನಡುವೆ ದ್ವೀಪದಂತೆ ಉಳಿದ ನಿತ್ಯಹರಿದ್ವರ್ಣದ ದಟ್ಟ ಮರಗುಂಪು. ಅಲ್ಲಿ ಮೆಣಸಿನ ಬಳ್ಳಿಯಿದೆ, ಬಗನಿಯ ಮರವಿದೆ, ಬೇಸಗೆಯಲ್ಲಿಯೂ ಆರದ ನೀರಿನ ಸೆಲೆಯಿದೆ, ಹೆಚ್ಚಿನ ಕಡೆಗಳಲ್ಲಿ ಚೌಡಿಯೋ ಭೂತಪ್ಪನೋ ಇದ್ದಾರೆ. ಕಾನಿನ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ ಎಂಬುದು ಇಲ್ಲಿನ ಬೇಸಾಯದ ಕ್ರಮ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರ ಪ್ರವಾಸಕಥನವು ಮಲೆನಾಡಿನ ಕಾಡು ಮತ್ತು ಮೆಣಸಿನ ಸಂಬಂಧವನ್ನು ಗುರುತಿಸಿದೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲೂಕಿನ ಕಾನುಗಳನ್ನೇ ಕುರಿತು ವರದಿಯೊಂದನ್ನು ಸಿದ್ಧಪಡಿಸಿದರು. ಆಗ ತಾಲೂಕಿನಲ್ಲಿ 171 ಕಾನುಗಳು ಸುಮಾರು 13,000 ಹೆಕ್ಟೇರು ಪ್ರದೇಶದಲ್ಲಿದ್ದುವು.

ಆಡಳಿತದ ಭಾಷೆಯಲ್ಲಿ ನೆಲವು ಒಂದೋ ಅರಣ್ಯ, ಇಲ್ಲವೇ ಕಂದಾಯ ಭೂಮಿ. ಕಾನು ಇವೆರಡೂ ಹೌದು, ಎರಡೂ ಅಲ್ಲ. ಊರವರು ಮೆಣಸು ಬೆಳೆದು, ನೀರು ಕಾದು, ದೇವರನ್ನು ಪೂಜಿಸಿ ಉಳಿಸಿಕೊಂಡು ಬಂದ ಕಾಡು ಅದು. ಇಂಗ್ಲಿಷಿನ ಒಂದು ಪದಕ್ಕೆ ಅದನ್ನು ಒಗ್ಗಿಸಿದಾಗಲೆಲ್ಲ ಒಂದಲ್ಲ ಒಂದು ಅರ್ಥ ಕಳೆದುಹೋಗುತ್ತದೆ. ‘ಬೆಟ್ಟ’ ಎಂಬ ಪದದ ಕಥೆಯೂ ಇದೇ. ಸಾಗರ, ಸೊರಬ, ಶಿರಸಿಗಳ ಅಡಕೆ ಬೆಳೆಗಾರನು ‘ನಮ್ಮ ಬೆಟ್ಟ’ ಎಂದಾಗ ಆತನ ಮನಸ್ಸಿನಲ್ಲಿರುವುದು ಶಿಖರವಲ್ಲ. ತೋಟಕ್ಕೆ ಸೊಪ್ಪು ತರುವ ಹಕ್ಕಿರುವ ಇಳಿಜಾರಿನ ಕಾಡು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಹಳೆಯ ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನಬೆಟ್ಟಗಳನ್ನು ಆ ಹೆಸರುಗಳಿಂದಲೇ ಉಲ್ಲೇಖಿಸಿ ಅಲ್ಲಿನ ಸೌಲಭ್ಯಗಳನ್ನು ಪ್ರಸ್ತಾಪಿಸುತ್ತದೆ. ಇವಕ್ಕೆ ಸಮನಾದ ಇಂಗ್ಲಿಷ್ ಪದಗಳಿಲ್ಲದುದರಿಂದ ಕಾನೂನೂ ಜನರ ಮಾತನ್ನೇ ಆಶ್ರಯಿಸಬೇಕಾಯಿತು. ಹೀಗಿರುವಾಗ ಒಂದು ನೆಲವನ್ನು ಕಾನು ಎನ್ನುವುದೋ, ಕಾಡು ಎನ್ನುವುದೋ, ಹಕ್ಕಲು ಎನ್ನುವುದೋ ಎಂಬ ಪ್ರಶ್ನೆ ಅಲ್ಲಿ ಸೊಪ್ಪು ತರುವವರ, ದನ ಮೇಯಿಸುವವರ ಬದುಕಿನ ಪ್ರಶ್ನೆಯೂ ಆಗಿದೆ.

ದಾಖಲೀಕರಣದ ಅಗತ್ಯ

ಸಾವಿರ ವರ್ಷಗಳ ಹಿಂದೆ ದತ್ತಿ ಕೊಟ್ಟವರು ಭೂಮಿಯ ಮೇರೆಯನ್ನು ನಾಲ್ಕು ದಿಕ್ಕುಗಳಲ್ಲಿಯೂ ವಿವರವಾಗಿ ಹೇಳಿಸುತ್ತಿದ್ದರು. ಮೂಡಣ ಮೊರಡಿ, ತೆಂಕಣ ಹಳ್ಳ, ಪಡುವಣ ಹುಣಸೆಯ ಮರ, ಬಡಗಣ ನಟ್ಟ ಕಲ್ಲು ಎಂಬ ಬಗೆಯ ವಿವರಗಳಿಂದ ಊರಿನ ಸಣ್ಣಪುಟ್ಟ ಹೆಸರುಗಳು ಶಾಸನಗಳಲ್ಲಿ ಸೇರಿಕೊಂಡುವು. ಇಂದಿನ ಪಹಣಿಯಲ್ಲಿ ಸರ್ವೆ ನಂಬರು ಮತ್ತು ಹಿಸ್ಸಾ ನಂಬರುಗಳು ಆ ಕೆಲಸವನ್ನು ಇನ್ನಷ್ಟು ಖಚಿತವಾಗಿ ಮಾಡುತ್ತವೆ. ಆದರೆ ಸಂಖ್ಯೆಯು ನೆಲದ ಗುಣವನ್ನು ಹೇಳುವುದಿಲ್ಲ. ನೀರು ನಿಲ್ಲುವ ಗದ್ದೆ ಯಾವುದು, ಕಲ್ಲುನೆಲ ಯಾವುದು, ಹಿಂದೆ ಕೆರೆಯಿದ್ದ ತಗ್ಗು ಯಾವುದು ಎಂಬುದು ಹೊಲಗದ್ದೆಗಳ ಹೆಸರುಗಳಲ್ಲಿದೆ. ಮರಡಿಯನ್ನು ಸಮತಟ್ಟು ಮಾಡಿ ಜೋಳವನ್ನೋ ಶುಂಠಿಯನ್ನೋ ಬೆಳೆದ ಮೇಲೆ ಮರಡಿ ಎಂಬ ಹೆಸರಿಗೆ ಆಧಾರವಿಲ್ಲ. ದನ ಕಾಯುವವರಿಲ್ಲದ ಊರಿನಲ್ಲಿ ಬ್ಯಾಣಗಳ ಹೆಸರು ಹೇಳುವವರೂ ಇರುವುದಿಲ್ಲ.

ರೋಮನ್ ಲಿಪಿಯ ಬಳಕೆಯಿಂದ ಇನ್ನೊಂದು ಅಪಾಯವಿದೆ. ಫಲಕಗಳಲ್ಲಿಯೂ ಗಣಕ ನಕ್ಷೆಗಳಲ್ಲಿಯೂ ಸಾಮಾನ್ಯವಾಗಿ ಬಳಸುವ ರೋಮನ್ ಕಾಗುಣಿತವು ದಕಾರ-ಡಕಾರ, ಲಕಾರ-ಳಕಾರ, ನಕಾರ-ಣಕಾರಗಳ ಅಂತರವನ್ನು ತೋರಿಸುವುದಿಲ್ಲ. ಅಲ್ಲಿಂದ ಮತ್ತೆ ಕನ್ನಡಕ್ಕೆ ತಿರುಗಿಸಿದಾಗ ತಾಳಗುಂದವು ‘ತಲಗುಂಡ’ವಾಗಲು ಅಡ್ಡಿಯಿಲ್ಲ. ಮೇಲೆ ಚರ್ಚಿಸಿದ ನಿಷ್ಪತ್ತಿಗಳೆಲ್ಲ ನಿಂತಿರುವುದು ಈ ಅಕ್ಷರಗಳ ಅಂತರದ ಮೇಲೆಯೇ ಎಂಬುದನ್ನು ಗಮನಿಸಿದರೆ ಇದು ಕಾಗುಣಿತದ ಸಣ್ಣ ದೋಷವಲ್ಲವೆಂಬುದು ಮನವರಿಕೆಯಾಗುತ್ತದೆ.

ಆದುದರಿಂದ ಸ್ಥಳನಾಮಗಳ ಸಂಗ್ರಹಕಾರ್ಯದಲ್ಲಿ ಕೆಲವು ಕ್ರಮಗಳನ್ನು ಪಾಲಿಸುವುದು ಅಗತ್ಯ. ಪ್ರತಿ ಹೆಸರಿಗೂ ಶಾಸನದ ರೂಪ, ಕಂದಾಯ ದಾಖಲೆಯ ರೂಪ, ಆಡುಮಾತಿನ ರೂಪಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಉಚ್ಚಾರಣೆಯನ್ನು ಧ್ವನಿಮುದ್ರಿಸಿಕೊಳ್ಳಬೇಕು. ಹೆಸರಿಗೆ ಹೇಳುವ ಕಥೆಯನ್ನು ನಿಷ್ಪತ್ತಿಯೊಂದಿಗೆ ಬೆರೆಸದೆ ಪ್ರತ್ಯೇಕವಾಗಿ, ಹೇಳಿದವರ ಹಿನ್ನೆಲೆಯೊಂದಿಗೆ ದಾಖಲಿಸಬೇಕು. ಮುಖ್ಯವಾಗಿ ನೆಲವನ್ನು ಕಂಡೇ ಅರ್ಥವನ್ನು ನಿರ್ಧರಿಸಬೇಕು. ಯಾರನ್ನು ಕೇಳಬೇಕೆಂಬುದೂ ಮುಖ್ಯವೇ. ಊರಿನ ಹೆಸರಿನ ಕಥೆಯನ್ನು ಅರ್ಚಕರೋ ಶಾನುಭೋಗ ಮನೆತನದವರೋ ಹೇಳಬಲ್ಲರು. ಹಳ್ಳದ ತಿರುವು, ಗುಡ್ಡದ ಬರೆ, ಕಾನಿನ ಸೆಲೆಗಳ ಹೆಸರುಗಳು ಗೊತ್ತಿರುವುದು ಸೊಪ್ಪು ಸೌದೆ ತಂದ ಹೆಣ್ಣುಮಕ್ಕಳಿಗೆ, ದನ ಕಾದವರಿಗೆ, ನೀರುಗಂಟಿಗಳಿಗೆ, ಮೀನು ಹಿಡಿಯುವವರಿಗೆ. ಇವರನ್ನು ಬಿಟ್ಟು ಮಾಡಿದ ಸಂಗ್ರಹವು ನಿರ್ದಿಷ್ಟಗಳ ಸಂಗ್ರಹವಾದೀತೇ ಹೊರತು ವಾರ್ಗಿಕಗಳದಾಗಲಾರದು.

ತಾಳಗುಂದದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು 2013-14ರಲ್ಲಿ ಉತ್ಖನನವನ್ನು ನಡೆಸಿತು. ಅಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಇಲಾಖೆಯು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿದ ಮೇಲೆ ಕನ್ನಡ ಲಿಖಿತ ಭಾಷೆಯ ಪ್ರಾಚೀನತೆಯ ಚರ್ಚೆಗೆ ಹೊಸ ತಿರುವು ದೊರೆಯಿತು. ನೆಲದಡಿಯ ಕಲ್ಲು ಅಗೆಯುವವರೆಗೂ ಕಾದಿರುತ್ತದೆ. ಜನರ ನೆನಪಿನಲ್ಲಿರುವ ಹೆಸರು ಹಾಗೆ ಕಾದಿರುವುದಿಲ್ಲ. ಹೇಳುವವರೊಂದಿಗೆ ಅದೂ ಹೋಗುತ್ತದೆ. ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಪ್ರತಿ ಗ್ರಾಮದ ಕಾನು, ಗುಡ್ಡ, ಹಳ್ಳ, ಗದ್ದೆಗಳ ಹೆಸರುಗಳನ್ನು ಊರವರ ನೆರವಿನಿಂದಲೇ ಗ್ರಾಮನಕ್ಷೆಯ ಮೇಲೆ ಗುರುತಿಸುವ ಕೆಲಸ ಕೈಗೂಡಿದರೆ, ಅದು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಿಗೆ ಜನಪದವು ಬರೆದ ಪುರವಣಿಯಾಗುತ್ತದೆ.